ಎರಡು ಚಂದ್ರರ ಪಂಚಾಂಗ, ಹತ್ತು ಸಾವಿರ ಬೆಳ್ಳಿಯ ಭಾರ

ಕಲ್ಪನೆಯ ಲೋಕ ಕಟ್ಟಿ ಕತೆ, ಕಾದಂಬರಿ ಬರೆಯುವವರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲ ನಾಲ್ಕನ್ನು ಎತ್ತಿಕೊಂಡಿದ್ದೇನೆ. ನಾಲ್ಕೂ ಲೆಕ್ಕದ ಪ್ರಶ್ನೆಗಳೇ. ಬಾಗಲಕೋಟೆ ಸೀಮೆಯಲ್ಲಿ ಭೂಮಾಪಕನಾಗಿ ಸರಪಳಿ ಎಳೆದು ಹೊಟ್ಟೆ ಹೊರೆದವನು ನಾನು. ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ನನ್ನ ಕಾದಂಬರಿಯ ಲೋಕಕ್ಕೆ ಎರಡು ಚಂದ್ರರಿದ್ದಾರೆ. ವರ್ಷಕ್ಕೆ 400 ದಿನ, 10 ತಿಂಗಳು, ತಿಂಗಳಿಗೆ 40 ದಿನ. ತಿಂಗಳುಗಳಿಗೆ ಚೆಂದದ ಹೆಸರೂ ಇಟ್ಟಿದ್ದೇನೆ. ಆದರೆ ಓದಿದ ಗೆಳತಿ, 'ಜನವರಿ ಫೆಬ್ರವರಿಗೇ ಬೇರೆ ಅಂಗಿ ತೊಡಿಸಿದ್ದೀಯ' ಅಂದಳು. ಎಲ್ಲಿ ತಪ್ಪಿದ್ದೇನೆ?
– ಓದುಗರು, ಜಮಖಂಡಿ

ನಿಮ್ಮ ಗೆಳತಿ ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಲೆಕ್ಕದಲ್ಲಿ ಒಂದು ದಿನವೂ ಮಿಗುವುದಿಲ್ಲ, ಒಂದು ದಿನವೂ ಕಡಿಮೆ ಬೀಳುವುದಿಲ್ಲ. ಆ ಲೋಕದಲ್ಲಿ ಪಂಚಾಂಗ ಬರೆಯುವವರಿಗೆ ಕೆಲಸವೇ ಇಲ್ಲ!

ನಮ್ಮದನ್ನು ನೋಡಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ 12 ತಿಂಗಳು ಕೂಡಿಸಿದರೆ 354 ದಿನವಷ್ಟೇ. ಮಳೆ, ಚಳಿ, ಬಿಸಿಲು ನಡೆಯುವುದು ಸೂರ್ಯನ 365 ದಿನದ ಲೆಕ್ಕದಲ್ಲಿ. ನಡುವೆ 11 ದಿನ ಮಿಕ್ಕಿತು. ಈ 11 ದಿನವನ್ನು ಏನು ಮಾಡುವುದು? ನಮ್ಮ ಕಡೆಯ ಯಾವುದೇ ಹಳ್ಳಿಗೆ ಹೋದರೂ ಇದಕ್ಕೆ ಮೂರು ಉತ್ತರ ಒಟ್ಟಿಗೇ ಸಿಗುತ್ತವೆ. ಯುಗಾದಿ ಮಾಡುವವರ ಪಂಚಾಂಗ ಆ ದಿನಗಳನ್ನು ಕೂಡಿಟ್ಟುಕೊಂಡು, ಸುಮಾರು 33 ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸುತ್ತದೆ. ಹಿಜರಿ ಲೆಕ್ಕ ಏನನ್ನೂ ಸೇರಿಸುವುದಿಲ್ಲ. ಹಾಗಾಗಿ ಮೊಹರಂ ಒಮ್ಮೆ ಮಳೆಗಾಲದಲ್ಲಿ ಬಂದರೆ, ಕೆಲವು ವರ್ಷ ಕಳೆದ ಮೇಲೆ ಬಿಸಿಲಲ್ಲಿ ಬರುತ್ತದೆ. ಇನ್ನು ರೈತ ಚಂದ್ರನ ಕಡೆ ನೋಡುವುದೇ ಇಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವುದೇ ಅವನಿಗೆ ಮುಖ್ಯ. 27 ನಕ್ಷತ್ರ, ಒಂದೊಂದಕ್ಕೆ ಹದಿಮೂರೂವರೆ ದಿನ. ಜೂನ್ ಮೊದಲ ವಾರ ದಾಟಿತೆಂದರೆ 'ಮಿರಗ ಕೂಡ್ತು' ಅನ್ನುತ್ತಾನೆ, ಅಂದರೆ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದ. ಬಿತ್ತನೆಗೆ ಬೇಕಾದ ದಿನದರ್ಶಿಕೆ ಅಷ್ಟೇ.

ಸುಂಕ ಎತ್ತುವ ಅರಸರಿಗೂ ಇದೇ ತಲೆನೋವು. ಚಂದ್ರನ ವರ್ಷಕ್ಕೆ ಸರಿಯಾಗಿ ಕಂದಾಯ ಕೇಳಿದರೆ, ಕೆಲವು ವರ್ಷದಲ್ಲಿ ಬೆಳೆ ಇನ್ನೂ ಹೊಲದಲ್ಲೇ ಇರುತ್ತದೆ. ಅದಕ್ಕೇ ದಖನ್ನಿನಲ್ಲಿ ಶುಹೂರ್ ಸನ್ ಅನ್ನುವ ಲೆಕ್ಕ ಬಂತು. ವರ್ಷದ ಅಂಕಿಯನ್ನು ಹೇಳುವುದು ಅರಬ್ಬಿ ಪದಗಳಲ್ಲಿ, ವರ್ಷ ಶುರುವಾಗುವುದು ಮಾತ್ರ ಮೃಗಶಿರಾ ಕೂಡಿದ ದಿನ! ವಿಜಯಪುರದ ಆದಿಲ್ ಶಾಹಿಗಳ ಕಾಗದಪತ್ರಗಳಲ್ಲೂ, ಆಮೇಲೆ ಮರಾಠರ ದಫ್ತರಗಳಲ್ಲೂ ಈ ಲೆಕ್ಕ ನಡೆಯಿತು. ಕಲ್ಪನೆಯ ಲೋಕ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗಂತೂ ಗೊತ್ತಿಲ್ಲ.

ಈಗ ನಿಮ್ಮ ಲೋಕ. ದೊಡ್ಡ ಚಂದ್ರನಿಗೆ 40ರ ಬದಲು 38 ದಿನ ಕೊಟ್ಟು ನೋಡಿ. 10 ತಿಂಗಳಿಗೆ 380 ದಿನ. ವರ್ಷಕ್ಕೆ 20 ದಿನ ಮಿಕ್ಕಿತು. ಎರಡು ವರ್ಷಕ್ಕೆ 40 ದಿನ, ಅಂದರೆ ಒಂದು ಅಧಿಕ ಮಾಸ ಕಳೆದು ಇನ್ನೂ 2 ದಿನ ಬಾಕಿ. ಆ ಎರಡೆರಡು ದಿನ ಕೂಡಿ ಕೂಡಿ, ಸರಿಯಾಗಿ 38 ವರ್ಷಕ್ಕೆ ಇನ್ನೊಂದು ಪೂರ್ತಿ ತಿಂಗಳು ಆಗುತ್ತದೆ. ಅದು ಒಬ್ಬ ಮನುಷ್ಯನ ಆಯುಷ್ಯದಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬರುವ ತಿಂಗಳು. ಆ ತಿಂಗಳಿಗೆ ಸಾಲದ ಬಡ್ಡಿ ಲೆಕ್ಕ ಹಾಕಬೇಕೋ ಬೇಡವೋ? ಆಗ ಮದುವೆ ಮಾಡಬಹುದೋ? ನಮ್ಮಲ್ಲಿ ಅಧಿಕ ಮಾಸದಲ್ಲಿ ಮದುವೆ ಇಡುವುದಿಲ್ಲ. ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಅಳಿಯನನ್ನು ಕರೆದು ಅನಾರಸ ಅನ್ನುವ ಸಿಹಿತಿಂಡಿ 33 ಕೊಡುತ್ತಾರೆ. ಲೆಕ್ಕದಲ್ಲಿ ಮಿಕ್ಕಿದ ದಿನಗಳು ಅಡುಗೆಮನೆಯವರೆಗೆ ಬಂದದ್ದು ಹೀಗೆ.

ಸಣ್ಣ ಚಂದ್ರನಿಗೆ 25 ದಿನ ಇಡಿ. (ಹತ್ತಿರದ ಚಂದ್ರ ಬೇಗ ಸುತ್ತುತ್ತಾನೆ, ದೂರದವನು ನಿಧಾನ. ಇದನ್ನು ಮಾತ್ರ ತಿರುವುಮುರುವು ಮಾಡಬೇಡಿ.) ಆಗ ಎರಡೂ ಚಂದ್ರರ ಹುಣ್ಣಿಮೆ ಒಂದೇ ರಾತ್ರಿ ಬೀಳುವುದು 950 ದಿನಕ್ಕೊಮ್ಮೆ. ಆ ಜೋಡಿ ಹುಣ್ಣಿಮೆ ಒಮ್ಮೆ ಮಳೆಯಲ್ಲಿ, ಒಮ್ಮೆ ಚಳಿಯಲ್ಲಿ ಬರುತ್ತಾ, ಮೊದಲಿನ ದಿನಕ್ಕೇ ಮರಳಿ ಬರಲು 19 ವರ್ಷ ಬೇಕು. ಅಂಕಿ ನಾನು ಸುಮ್ನೆ ಇಟ್ಟದ್ದು, ಆದರೂ ಮಜಾ ನೋಡಿ: ನಮ್ಮ ನಿಜವಾದ ಚಂದ್ರನೂ ಸೂರ್ಯನ ಲೆಕ್ಕಕ್ಕೆ ಹೆಚ್ಚುಕಡಿಮೆ ಹೊಂದಿಕೊಳ್ಳುವುದು 19 ವರ್ಷಕ್ಕೇ, 235 ತಿಂಗಳಿಗೆ.

ಹೆಸರುಗಳ ವಿಷಯ. ನಿಮ್ಮ ತಿಂಗಳುಗಳಿಗೆ ದೇವತೆಗಳ ಹೆಸರು ಇಟ್ಟಿದ್ದೀರಿ. ಇರಲಿ, ಅದು ಪುರೋಹಿತರ ಪಟ್ಟಿ. ನಮ್ಮ ಅವ್ವ ಒಮ್ಮೆಯೂ 'ಜ್ಯೇಷ್ಠ ಶುದ್ಧ' ಅಂದದ್ದು ನಾನು ಕೇಳಿಲ್ಲ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಬನದ ಹುಣ್ಣಿಮೆ ಅನ್ನುತ್ತಿದ್ದಳು. ಎತ್ತು, ಬೆಳೆ, ಜಾತ್ರೆ, ಊಟ ಎಲ್ಲವೂ ಆ ಹೆಸರಲ್ಲೇ ಬಂತು. ನಿಮ್ಮ ಲೋಕದ ಮುದುಕಿಯೊಬ್ಬಳಿಗೆ ಇಂಥ ನಾಲ್ಕು ಹೆಸರು ಕೊಟ್ಟರೆ ಸಾಕು.

ವರ್ಷ ಎಣಿಸುವುದು ಎಲ್ಲಿಂದ ಅನ್ನುವುದೂ ಬೇಕಲ್ಲ. ನೀವು ಜಮಖಂಡಿಯವರು, ಐಹೊಳೆ ದೂರವೇನಲ್ಲ. ಮೇಗುತಿ ಗುಡಿಯ ಗೋಡೆ ಮೇಲೆ ಇಮ್ಮಡಿ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿಯ ಶಾಸನವಿದೆ. ಅದರಲ್ಲಿ ಕಾಲವನ್ನು ಎರಡು ಲೆಕ್ಕದಲ್ಲಿ ಹೇಳಿದೆ: ಭಾರತ ಯುದ್ಧವಾಗಿ 3735 ವರ್ಷ, ಶಕ 556. ನಮ್ಮ ಈಗಿನ ಲೆಕ್ಕದಲ್ಲಿ 634. ಒಂದು ಪುರಾಣಕ್ಕೆ ಗಂಟು ಹಾಕಿದ್ದು, ಇನ್ನೊಂದು ಬಳಕೆಯಲ್ಲಿದ್ದದ್ದು. ಮುಂದೆ 1076ರಲ್ಲಿ ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದಾಗ ಶಕವರ್ಷವನ್ನೇ ಬದಿಗಿಟ್ಟು ತನ್ನ ಹೆಸರಿನ ಹೊಸ ವರ್ಷ ಶುರು ಮಾಡಿದ. ಕಡೆಗೆ ಉಳಿದದ್ದು ಹಳೆಯ ಶಕವೇ. ನಿಮ್ಮ ರಾಜನೂ ಹೀಗೆ ಮಾಡಲಿ. ಹಳ್ಳಿಯವರು ಹಳೇ ಲೆಕ್ಕವನ್ನೇ ಹೇಳುತ್ತಾ ಇರಲಿ. ಸರ್ಕಾರಿ ಗುಮಾಸ್ತ ಇಬ್ಬರ ನಡುವೆ ಬೆವರಲಿ.

ಪ್ರಶ್ನೆ: ಒಂದು ಚಿನ್ನದ ನಾಣ್ಯಕ್ಕೆ 10 ಬೆಳ್ಳಿ, ಒಂದು ಬೆಳ್ಳಿಗೆ 10 ತಾಮ್ರ ಎಂದು ಇಟ್ಟುಕೊಂಡಿದ್ದೇನೆ. ನನ್ನ ನಾಯಕ ಖಜಾನೆಯಿಂದ 10,000 ಬೆಳ್ಳಿ ನಾಣ್ಯ ಕದ್ದು ಕುದುರೆ ಏರಿ ಓಡಿಹೋಗುತ್ತಾನೆ. ನಾಣ್ಯದ ಬಗ್ಗೆ ಇನ್ನೇನಾದರೂ ಬೇಕೇ?
– ಕಾಲೇಜು ವಿದ್ಯಾರ್ಥಿ, ಬೆಳಗಾವಿ

ಮೊದಲು ತಕ್ಕಡಿ ಬೇಕು. ಹಳೆಯ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲೆ ತೂಗುತ್ತಿತ್ತು, ಅಂದರೆ 11.66 ಗ್ರಾಂ. 80 ತೊಲೆಗೆ ಒಂದು ಪಕ್ಕಾ ಸೇರು. ಹಾಗಾಗಿ ಅಂಗಡಿಯವರು ರೂಪಾಯಿಯನ್ನೇ ತೂಕದ ಬಟ್ಟಾಗಿ ಇಡುತ್ತಿದ್ದರು. ಆ ಲೆಕ್ಕದಲ್ಲಿ ನಿಮ್ಮ ನಾಯಕನ ಚೀಲ ಸುಮಾರು 117 ಕಿಲೋ. ಮೇಲೆ ಅವನು ಬೇರೆ! ಪಾಪ, ಕುದುರೆ ಊರ ಅಗಸೆ ಬಾಗಿಲು ದಾಟುವುದೂ ಕಷ್ಟ.

ಚಿನ್ನ ಕದಿಯಲಿ. 19ನೇ ಶತಮಾನದ ಬಹುಪಾಲು ಚಿನ್ನದ ಬೆಲೆ ಬೆಳ್ಳಿಯ ಸುಮಾರು 15 ಪಟ್ಟು ಇತ್ತು. ಹಾಗೆ ಇಟ್ಟುಕೊಂಡರೆ ಅಷ್ಟೇ ಹಣ 8 ಕಿಲೋದ ಒಳಗೆ ಬಂತು. ಅಥವಾ ಹುಂಡಿ ಕದಿಯಲಿ. ಅದು ವ್ಯಾಪಾರಿಗಳು ಬರೆದುಕೊಡುತ್ತಿದ್ದ ಚೀಟಿ. ಒಂದು ಊರಲ್ಲಿ ಹಣ ಕಟ್ಟಿ, ಇನ್ನೊಂದು ಊರಿನ ಸರಾಫನ ಹತ್ತಿರ ಬಿಡಿಸಿಕೊಳ್ಳುವುದು. ತೂಕವೇ ಇಲ್ಲ. ಆದರೆ ಬಿಡಿಸಿಕೊಳ್ಳಲು ಹೋದಲ್ಲಿ ಸರಾಫ ಮುಖ ನೋಡಿ, 'ಸ್ವಲ್ಪ ಕೂಡ್ರಿ, ಚಹಾ ತರಸ್ತೀನಿ' ಅಂದರೆ? ನನಗೆ ಕುದುರೆಯ ಓಟಕ್ಕಿಂತ ಈ ಚಹಾದ ಹೊತ್ತೇ ಹೆಚ್ಚು ಭಯದ್ದು ಅನ್ನಿಸುತ್ತದೆ.

ಎರಡನೆಯದು, ಹತ್ತರ ಲೆಕ್ಕ. ಅದು ಸ್ಲೇಟಿಗೆ ಸುಲಭ, ಸಂತೆಗೆ ಅಲ್ಲ. ಸಂತೆಯಲ್ಲಿ ಜನ ಅರ್ಧ ಮಾಡುತ್ತಾರೆ, ಅರ್ಧದಲ್ಲಿ ಮತ್ತೆ ಅರ್ಧ. ರೂಪಾಯಿಗೆ 16 ಆಣೆ ಇದ್ದದ್ದು ಇದಕ್ಕೆ ಒಪ್ಪುತ್ತಿತ್ತು: ಎಂಟಾಣೆ, ನಾಕಾಣೆ, ಎರಡಾಣೆ, ಒಂದಾಣೆ. ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಕೂಡಿಸಿದರೆ ರೂಪಾಯಿಗೆ 192 ಪೈ. ಇದರಲ್ಲಿ ಮೂವರಿಗೂ ಸಮ ಪಾಲು ಮಾಡಬಹುದು. 100ರಲ್ಲಿ ಆಗಲ್ಲ, ಅಲ್ವಾ? 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಆಯಿತು. ಆಣೆ ಸತ್ತಿತೇ? ಇಲ್ಲ. ಐವತ್ತು ಪೈಸೆಯನ್ನು ಜನ ಎಂಟಾಣೆ ಅಂತಲೇ ಕರೆದರು. ನಿಮ್ಮ ಮನೆಯ ಪಹಣಿ ತೆಗೆದು ನೋಡಿ, ವಿಸ್ತೀರ್ಣದ ಕಡೆ ಎಕರೆ, ಗುಂಟೆ, ಆಣೆ ಅಂತಿರುತ್ತದೆ. ನಮ್ಮ 33 ಅಡಿಯ ಸರಪಳಿಯಲ್ಲೂ 16 ಆಣೆ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಚಲಾವಣೆಯಿಂದ ಹೋದ ನಾಣ್ಯ ಹೊಲದಲ್ಲಿ ಇನ್ನೂ ಇದೆ. ನಿಮ್ಮ ಲೋಕದಲ್ಲೂ ಹೀಗೆ ಸತ್ತುಹೋದ ನಾಣ್ಯದ ಹೆಸರೊಂದು ಬೈಗುಳದಲ್ಲೋ ಜಮೀನಿನ ಲೆಕ್ಕದಲ್ಲೋ ಉಳಿದಿರಲಿ.

ನಾಣ್ಯ ದುಂಡಗೇ ಇರಬೇಕೆಂದೂ ಇಲ್ಲ. ವಿಜಯಪುರದಲ್ಲಿ ಎರಡನೇ ಅಲಿ ಆದಿಲ್ ಶಾಹನ ಕಾಲದಲ್ಲಿ (1656–1672) ಲಾರಿನ್ ಅನ್ನುವ ನಾಣ್ಯ ಹೊಡೆಸಿದರು. ಅದೊಂದು ಬೆಳ್ಳಿ ತಂತಿ. ಹೆಂಗಸರು ಕೂದಲಿಗೆ ಸಿಗಿಸುವ ಪಿನ್ನಿನ ಹಾಗೆ ನಡುವೆ ಮಡಚಿ, ಮೇಲೆ ಅಕ್ಷರ ಒತ್ತಿದ್ದು. ಹೆಸರು ಬಂದದ್ದು ಪರ್ಷಿಯಾದ ಲಾರ್ ಪಟ್ಟಣದಿಂದ. ಕಡಲ ವ್ಯಾಪಾರದಲ್ಲಿ ಎಲ್ಲರೂ ಒಪ್ಪುತ್ತಿದ್ದ ಆಕಾರ ಅದು, ಆದ್ದರಿಂದ ಇಲ್ಲಿಯೂ ಅದೇ ಆಕಾರ. ನಿಮ್ಮ ನಾಣ್ಯದ ಆಕಾರ ನೋಡಿದರೆ ಅದು ಯಾವ ದಾರಿಯಲ್ಲಿ ಬಂತು ಅನ್ನುವುದು ತಿಳಿಯಬೇಕು.

ಇನ್ನು ಬೆಲೆ. ರಾಜನ ಕಿರೀಟದಿಂದ ಶುರು ಮಾಡಬೇಡಿ. ಕಳೆ ತೆಗೆಯಲು ಬರುವ ಹೆಣ್ಣಾಳಿನ ಒಂದು ದಿನದ ಕೂಲಿ ಎಷ್ಟು, ಅದಕ್ಕೆ ಎಷ್ಟು ಸೇರು ಜೋಳ ಬರುತ್ತದೆ, ಇವೆರಡನ್ನು ಗಟ್ಟಿ ಮಾಡಿಕೊಳ್ಳಿ. ಕುದುರೆಗೆ ಎಷ್ಟು ದಿನದ ಕೂಲಿ, ಸೀರೆಗೆ ಎಷ್ಟು, ಲಂಚಕ್ಕೆ ಎಷ್ಟು ಅಂತ ಆಮೇಲೆ ಹಾಕುತ್ತಾ ಹೋಗಿ. ಎಲ್ಲರ ಕೈಯಲ್ಲೂ ನಾಣ್ಯ ಇರಬೇಕಾಗಿಯೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಬಡಿಗ, ಕಂಬಾರ, ಅಗಸ ಇವರಿಗೆಲ್ಲ ರಾಶಿ ಹೊತ್ತಿಗೆ ಕಾಳಿನಲ್ಲೇ ಆಯ ಕೊಡುತ್ತಿದ್ದರು. ನಾಣ್ಯ ಬೇಕಾದದ್ದು ಹೆಚ್ಚಾಗಿ ಕಂದಾಯಕ್ಕೆ, ಬಂಗಾರಕ್ಕೆ, ದೂರದ ಸಂತೆಗೆ.

ಪ್ರಶ್ನೆ: ಕಲ್ಪನೆಯ ಲೋಕದಲ್ಲಿ ಮೀಟರ್, ಕಿಲೋ ಬಳಸಿದರೆ ತಪ್ಪೇ? ಹೊಸ ಹೆಸರು ಹುಟ್ಟಿಸಿದರೆ ಓದುವವರಿಗೆ ಅರ್ಥವಾಗುವುದಿಲ್ಲ.
– ಶಿಕ್ಷಕಿ, ಇಂಡಿ

ಹೊಸ ಹೆಸರೇ ಬೇಡ ಮೇಡಂ. ಮೈಯ ಅಳತೆ ಬಳಸಿ: ಗೇಣು, ಮೊಳ, ಮಾರು. ಯಾವ ಲೋಕದಲ್ಲಾದರೂ ಮನುಷ್ಯನಿಗೆ ಕೈ ಇರುತ್ತದೆ. ಹೂವಾಡಗಿತ್ತಿಯ ಮೊಳ ಗಿಡ್ಡ, ಕೊಳ್ಳುವವಳ ಮೊಳ ಉದ್ದ. ಸಂತೆಯ ಮಾತೆಲ್ಲ ಅಲ್ಲಿಯೇ ಇದೆ. ದೂರಕ್ಕೆ ಕೂಗಳತೆ ಇದೆ, ಹರದಾರಿ ಇದೆ. ನಿಮ್ಮ ಜನ ಒಂಟೆ ಏರುವವರಾದರೆ ಒಂಟೆಯ ಒಂದು ದಿನದ ನಡಿಗೆ ಆದೀತು.

ನೆಲದ ಅಳತೆಯಲ್ಲಿ ನಾನೇ ಒಮ್ಮೆ ಪೇಚಿಗೆ ಬಿದ್ದಿದ್ದೆ. ಕೆಲಸಕ್ಕೆ ಸೇರಿದ ಹೊಸದು. ಅಣ್ಣತಮ್ಮಂದಿರ ಪಾಲು ಅಳೆಯಲು ಹೋಗಿದ್ದೆ. ಹಿರಿಯರು ಇಬ್ಬರಿಗೂ ನಾಲ್ಕು ನಾಲ್ಕು ಕೂರಿಗೆ ಅಂತ ಹೇಳಿ ಸತ್ತಿದ್ದರು. ಕೂರಿಗೆ ಅಂದರೆ ಒಂದು ಜೋಡಿ ಎತ್ತು ಒಂದು ದಿನದಲ್ಲಿ ಬಿತ್ತುವಷ್ಟು ನೆಲ. ಸರಪಳಿ ಹಿಡಿದರೆ ಒಬ್ಬನದು ಜಾಸ್ತಿ, ಒಬ್ಬನದು ಕಡಿಮೆ. ನಾನು 'ಇದು ಸಮ ಇಲ್ಲ' ಅಂತ ಜೋರಾಗಿ ಹೇಳಿಬಿಟ್ಟೆ. ಅಲ್ಲಿದ್ದ ಮುದುಕರೊಬ್ಬರು ನಕ್ಕು, 'ತಮ್ಮಾ, ಆ ಕಡೀದು ಎರಿ, ಈ ಕಡೀದು ಮಸಾರಿ. ಎತ್ತಿಗೆ ಸಮಾನೇ ಐತಿ' ಅಂದರು. ಕರಿ ಮಣ್ಣಿನಲ್ಲಿ ಎತ್ತು ನಿಧಾನ, ಕೆಂಪು ಮಣ್ಣಿನಲ್ಲಿ ಚುರುಕು. ಅವರ ಲೆಕ್ಕ ದುಡಿಮೆಯದು, ನನ್ನದು ಅಗಲದ್ದು. ಆ ದಿನ ನನ್ನ ಸರಪಳಿ ಹಚ್ಚಿದ ಜಗಳ ಆರಲು ವರ್ಷಗಳೇ ಹಿಡಿದವು.

ಕಾಳಿನ ಅಳತೆಯಲ್ಲಿ ಒಂದು ಪ್ರಶ್ನೆ ಮರೆಯಬೇಡಿ: ಸೇರಿನ ಮೇಲೆ ಗೋಪುರ ಏರುವಂತೆ ತುಂಬುವುದೋ, ಬಾಯಿಗೆ ಸಮ ಸವರುವುದೋ? ತೆರಿಗೆ ತೆಗೆದುಕೊಳ್ಳುವಾಗ ಒಂದು ಥರ, ಕೂಲಿ ಕೊಡುವಾಗ ಇನ್ನೊಂದು ಥರ ಆದರೆ ನಿಮ್ಮ ಖಳನಾಯಕ ಸಿಕ್ಕಿಬಿಟ್ಟ. ಕಣದಲ್ಲಿ ರಾಶಿ ಅಳೆಯುವಾಗ ನಮ್ಮವರು 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು. ಎಣಿಸುವ ಕ್ರಮದಲ್ಲೇ ಒಂದು ಆಸೆ ಇದೆ. ನಿಮ್ಮ ಮಕ್ಕಳಿಗೆ ಕತೆ ಹೇಳುವಾಗ ಇದನ್ನು ಹಾಗೇ ಎತ್ತಿಕೊಳ್ಳಿ.

ಪ್ರಶ್ನೆ: ಇವನ್ನೆಲ್ಲ ಪುಸ್ತಕದ ಮೊದಲಲ್ಲಿ ಕೋಷ್ಟಕ ಮಾಡಿ ಕೊಡಬೇಕೇ?
– ಓದುಗರು, ಗೋಕಾಕ

ಬೇಡ. ಕೋಷ್ಟಕ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ. ಲೆಕ್ಕ ತಪ್ಪಿದರೆ ಓದುಗರು ಹಿಡಿಯುತ್ತಾರೆ, ಹಾಗಾಗಿ ಅದು ಬೇಕೇ ಬೇಕು. ಪುಸ್ತಕದೊಳಗೆ ಒಂದು ದಿನದ ಕೂಲಿ, ಒಂದು ದಿನದ ದಾರಿ, ಒಂದು ಹಬ್ಬ ಇಷ್ಟು ಮೊದಲ ಅಧ್ಯಾಯದಲ್ಲಿ ಮಾತಿನ ನಡುವೆ ಬಂದರೆ ಉಳಿದದ್ದನ್ನು ಓದುವವರು ತಾವೇ ಊಹಿಸುತ್ತಾರೆ.

ಜಮಖಂಡಿಯವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ಆ 38 ವರ್ಷಕ್ಕೊಮ್ಮೆ ಬರುವ ತಿಂಗಳಲ್ಲೇ ಹುಟ್ಟಿದ ಮಗುವಿನ ವಯಸ್ಸನ್ನು ನಿಮ್ಮ ಲೋಕದಲ್ಲಿ ಹೇಗೆ ಎಣಿಸುತ್ತಾರೆ? ತೀರ್ಮಾನ ಮಾಡಿದ ಮೇಲೆ ನನಗೂ ಬರೆದು ತಿಳಿಸಿ.