ಸನ್‌ಬೋರ್ಡ್‌ನಲ್ಲಿ ಕಟ್ಟುವ ಆರ್‌ಸಿ (ರೇಡಿಯೊ ಕಂಟ್ರೋಲ್) ವಿಮಾನಕ್ಕೆ ಎಷ್ಟು ದೊಡ್ಡ ಮೋಟರ್ ಬೇಕು?

ಹಾಸನದಲ್ಲಿ ಫೋಮ್‌ಬೋರ್ಡ್ (ಎರಡೂ ಬದಿ ಕಾಗದ ಹೊದಿಸಿದ ಹಗುರ ಫೋಮ್ ಹಾಳೆ) ಸಿಗದೆ ಫ್ಲೆಕ್ಸ್ ಅಂಗಡಿಯಿಂದ 3 ಮಿ.ಮೀ. ಸನ್‌ಬೋರ್ಡ್ (ನಾಮಫಲಕಕ್ಕೆ ಬಳಸುವ ಪಿವಿಸಿ ಹಾಳೆ) ತಂದಿದ್ದೀರಿ, ಒಂದು ಮೀಟರ್ ರೆಕ್ಕೆಯ ಸ್ಪೋರ್ಟ್ ವಿಮಾನ ಕಟ್ಟಬೇಕು, ಹೆಚ್ಚಾಗುವ ತೂಕಕ್ಕೆ 1000 ಕೆವಿ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ಸಾವಿರ ಸುತ್ತು) ಮೋಟರ್ ಸಾಕೇ, 2200 ಕೆವಿ ಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬ್ಲೇಡ್ ಕೆಳಗಿಡಿ. ಇದೇ ಊರಿನಲ್ಲಿ, ಇದೇ ಹಾಳೆಯಲ್ಲಿ, ಇದೇ ಲೆಕ್ಕ ಹಾಕಿ ನಾನೂ ಒಂದು ವಿಮಾನ ಕಟ್ಟಿದ್ದೆ. ಅದರಿಂದ ಒಬ್ಬ ರೈತರ ರಾಗಿ ಹುಲ್ಲಿನ ಮೆದೆ ಸುಟ್ಟುಹೋಯಿತು.

ನನ್ನದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ನೀರು ಮೇಲೇರುತ್ತಿಲ್ಲ ಎಂದು ಯಾರಾದರೂ ಬಂದರೆ ನಮಗೆ ಮೊದಲು ಹೊಳೆಯುವುದು ಎಚ್‌ಪಿ ಹೆಚ್ಚಿಸುವ ಮಾತು. ವಿಮಾನವನ್ನೂ ಹಾಗೆಯೇ ನೋಡಿದೆ. ನಕ್ಷೆ ಫೋಮ್‌ಬೋರ್ಡ್‌ಗಾಗಿ ಬರೆದದ್ದು. ನನ್ನ ಕೈಯಲ್ಲಿದ್ದದ್ದು ಸನ್‌ಬೋರ್ಡ್. ನುಣುಪಾದ ಬಿಳಿ ಹಾಳೆ, ಬ್ಲೇಡ್ ಹೋದಲ್ಲಿ ನೇರ ಅಂಚು, ಮಳೆಗಾಲದಲ್ಲಿ ಕಾಗದ ಉಬ್ಬಿ ಕಿತ್ತುಬರುವ ತಾಪತ್ರಯವಿಲ್ಲ. ನಕ್ಷೆ ಬರೆದವರಿಗೆ ಈ ಹಾಳೆ ಸಿಕ್ಕಿರಲಿಕ್ಕಿಲ್ಲ ಎಂದೇ ನಂಬಿದೆ. ಭಾರವಾದರೆ ಮೋಟರ್ ನೋಡಿಕೊಳ್ಳುತ್ತದೆ ಎಂದು 2212 ಎಂಬ ಅಳತೆಯ ಮೋಟರ್ ಬದಲು ಅದಕ್ಕಿಂತ ದೊಡ್ಡದನ್ನು ತರಿಸಿದೆ.

ಎಲ್ಲ ಜೋಡಿಸಿ, ರೆಕ್ಕೆಯ ಮುಂದಿನ ಅಂಚಿನಿಂದ 5 ಸೆಂ.ಮೀ. ಹಿಂದೆ ಎರಡು ಬೆರಳಿಟ್ಟು ಎತ್ತಿದಾಗ ಬಾಲ ನೇರವಾಗಿ ಕೆಳಗೆ ಬಿತ್ತು. ಹಾಳೆ ತಪ್ಪಾಗಿದೆ ಎಂದು ವಿಮಾನವೇ ಹೇಳಿದ ಕ್ಷಣ ಅದು. ನಾನು ಟೈರ್ ಅಂಗಡಿಗೆ ಹೋಗಿ, ಕಾರಿನ ಚಕ್ರಕ್ಕೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕದ ಪಟ್ಟಿ ತಂದು ಮೂತಿಯೊಳಗೆ ಅಂಟಿಸಿದೆ. ಬಾಲ ಮೇಲೆ ಬಂತು. ಸರಿಯಾಯಿತು ಎಂದುಕೊಂಡೆ.

ಹಾರಿಸಲು ನಮ್ಮ ಅಂಗಡಿಯ ಹಳೆಯ ಗಿರಾಕಿಯೊಬ್ಬರ ಹೊಲ ಕೇಳಿಕೊಂಡಿದ್ದೆ. ರಾಗಿ ಕೊಯ್ದು ಕೂಳೆ ಉಳಿದಿತ್ತು, ಮೂಲೆಯಲ್ಲಿ ಹುಲ್ಲಿನ ಮೆದೆ ಒಟ್ಟಿದ್ದರು. ಭಾವಮೈದ ಗಾಳಿಗೆ ಎದುರಾಗಿ ಓಡಿ ಎಸೆದ. ನಾನು ಥ್ರಾಟಲ್ ಪೂರ್ತಿ ಕೊಟ್ಟೆ. ವಿಮಾನ ಮೂತಿ ಎತ್ತಿತು, ಎಡಕ್ಕೆ ಮಗುಚಿತು, ಮೆದೆಯ ಬುಡಕ್ಕೆ ಬಡಿಯಿತು. ಬ್ಯಾಟರಿ ಮುಂದಕ್ಕೆ ನುಗ್ಗಿ, ಮೋಟರ್ ಬಿಗಿದ ಸ್ಕ್ರೂಗಳ ಮೊನೆ ಅದರ ಹೊಟ್ಟೆಗೆ ನಾಟಿತ್ತು. ಮೊದಲು ಬಿಳಿ ಹೊಗೆ, ಆಮೇಲೆ ಬೆಂಕಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಉರಿಯತೊಡಗಿದರೆ ಊದಿ ಆರಿಸುವ ಬೆಂಕಿಯಲ್ಲ. ಮಣ್ಣು ಎರಚಿದೆವು, ಒದ್ದೆ ಗೋಣಿಚೀಲ ಬಡಿದೆವು. ಮೆದೆಯ ಅರ್ಧಕ್ಕಿಂತ ಹೆಚ್ಚು ಹೋಯಿತು.

ಹಣ ಕೊಡಲು ಹೋದಾಗ ಆ ಯಜಮಾನರು ಹೇಳಿದರು: "ದುಡ್ಡು ಹಿಡಿದುಕೊಂಡು ನಾನೆಲ್ಲಿ ಹುಲ್ಲು ಹುಡುಕಲಿ? ಹುಲ್ಲನ್ನೇ ತಂದು ಹಾಕಿ." ಚನ್ನರಾಯಪಟ್ಟಣದ ಕಡೆಯಿಂದ ಹುಲ್ಲು ಕೊಂಡು ಟ್ರ್ಯಾಕ್ಟರ್‌ನಲ್ಲಿ ತಂದು ಒಟ್ಟಿಸಿದೆ. ಅವರ ದನಗಳ ಬೇಸಿಗೆಯ ಮೇವು ಅದು. ಈಗಲೂ ಅವರ ಮನೆಯ ಮುಂದೆ ಹೋಗುವಾಗ ನನಗೆ ಸಂಕೋಚವಾಗುತ್ತದೆ.

ಆ ಸಂಜೆ ಅವಶೇಷವನ್ನೆಲ್ಲ ಅಂಗಡಿಯ ತಕ್ಕಡಿಗೆ ಹಾಕಿದೆ. ಗುಜರಿ ತಾಮ್ರವನ್ನು ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ. ವಿಮಾನ ಕಟ್ಟುವಾಗ ಅದು ನನ್ನ ಪಕ್ಕದಲ್ಲೇ ಇತ್ತು. ಒಮ್ಮೆಯೂ ತೂಗಿರಲಿಲ್ಲ. ಸುಟ್ಟು ಕರಗಿದ್ದು ಬಿಟ್ಟರೂ ಒಂದೂಕಾಲು ಕಿಲೋ ದಾಟಿತ್ತು.

ಈ ಲೆಕ್ಕವನ್ನು ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ರೆಕ್ಕೆ 100 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಹಾಳೆಯನ್ನು ಮಡಚಿ ಮೇಲೊಂದು ಕೆಳಗೊಂದು ಪದರ ಮಾಡುವುದರಿಂದ ರೆಕ್ಕೆಗೇ 0.4 ಚದರ ಮೀಟರ್ ಬೇಕು. ಒಡಲು, ಬಾಲ ಸೇರಿದರೆ ಸುಮಾರು 0.6. ಸನ್‌ಬೋರ್ಡ್ ಎಂದರೆ ಪಿವಿಸಿ; 3 ಮಿ.ಮೀ. ಹಾಳೆ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ. ಕಾಗದ ಹೊದಿಸಿದ 5 ಮಿ.ಮೀ. ಫೋಮ್‌ಬೋರ್ಡ್ ದಪ್ಪವಾಗಿದ್ದರೂ ಅರ್ಧ ಕಿಲೋ ಆಸುಪಾಸು. ಅಂದರೆ ಬರೀ ಹಾಳೆ ಸನ್‌ಬೋರ್ಡ್‌ನಲ್ಲಿ 900 ಗ್ರಾಂ, ಫೋಮ್‌ಬೋರ್ಡ್‌ನಲ್ಲಿ 300. ಮೋಟರ್, ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ), ಸರ್ವೋ (ರೆಕ್ಕೆ, ಬಾಲದ ಫಲಕಗಳನ್ನು ಆಡಿಸುವ ಪುಟ್ಟ ಮೋಟರ್), ರಿಸೀವರ್, 2200 ಎಂಎಎಚ್ ಬ್ಯಾಟರಿ ಸೇರಿ 350 ಗ್ರಾಂ ಎರಡಕ್ಕೂ ಸಮಾನ.

ಇನ್ನು ಬಾಲ. ಗುರುತ್ವ ಕೇಂದ್ರದಿಂದ ಬಾಲಕ್ಕೆ 50 ಸೆಂ.ಮೀ., ಮೂತಿಗೆ 20 ಸೆಂ.ಮೀ. ಬಾಲದಲ್ಲಿ ಹೆಚ್ಚಾದ ಪ್ರತಿ ಒಂದು ಗ್ರಾಂಗೆ ಮೂತಿಯಲ್ಲಿ ಎರಡೂವರೆ ಗ್ರಾಂ ಇಡಬೇಕು. ಸನ್‌ಬೋರ್ಡ್ ಬಾಲ 60 ಗ್ರಾಂ ಹೆಚ್ಚು ತೂಗಿದರೆ ಮೂತಿಗೆ 150 ಗ್ರಾಂ. ಹಾರಾಟಕ್ಕೆ ಯಾವ ಉಪಕಾರವನ್ನೂ ಮಾಡದ ತೂಕ ಇದು. ಒಟ್ಟು ಒಂದು ಕಿಲೋ 400 ಗ್ರಾಂ. ಫೋಮ್‌ಬೋರ್ಡ್‌ನಲ್ಲಿ ಅದೇ ವಿಮಾನ 650.

ಪ್ರತಿ ವಿಮಾನಕ್ಕೂ ಒಂದು ಕನಿಷ್ಠ ವೇಗವಿದೆ. ಅದಕ್ಕಿಂತ ನಿಧಾನವಾದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಅದನ್ನೇ ಸ್ಟಾಲ್ ಎನ್ನುತ್ತಾರೆ. ಈ ವೇಗ ತೂಕದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ನಮ್ಮ ರೆಕ್ಕೆಗೆ 650 ಗ್ರಾಂ ಇದ್ದಾಗ ಗಂಟೆಗೆ ಸುಮಾರು 26 ಕಿ.ಮೀ., ಒಂದು ಕಿಲೋ 400 ಆದಾಗ 38 ಕಿ.ಮೀ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೆ ತುಸು ಕಡಿಮೆ ಎತ್ತರದಲ್ಲಿದೆ, ಗಾಳಿ ಮಂಗಳೂರಿನದಕ್ಕಿಂತ ಶೇ. 9ರಷ್ಟು ತೆಳು, ಅದನ್ನೂ ಸೇರಿಸಿದ ಲೆಕ್ಕ ಇದು. ಓಡಿ ಬಂದು ಎಸೆದ ಕೈಯಿಂದ ವಿಮಾನ 30ರ ಆಸುಪಾಸಿನಲ್ಲಿ ಹೊರಡುತ್ತದೆ. ಹಗುರವಾದದ್ದು ಕೈಬಿಟ್ಟ ಕ್ಷಣದಲ್ಲೇ ಹಾರುತ್ತಿರುತ್ತದೆ. ನನ್ನದು ಕೈಬಿಟ್ಟಾಗಲೇ ಬೀಳುತ್ತಿತ್ತು.

ಮೋಟರ್ ಅದನ್ನು ಉಳಿಸಲಿಲ್ಲವೇ ಎಂದರೆ, ಇಲ್ಲ, ಕೆಡಿಸಿತು. ಪ್ರೊಪೆಲ್ಲರ್ ಹಿಂದಿನಿಂದ ನೋಡಿದಾಗ ಬಲಕ್ಕೆ ತಿರುಗಿದರೆ ಒಡಲು ಎಡಕ್ಕೆ ತಿರುಚಿಕೊಳ್ಳುತ್ತದೆ. ವೇಗವಿದ್ದರೆ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನ ಆಡುವ ಫಲಕ) ಅದನ್ನು ತಡೆಯುತ್ತದೆ. ವೇಗವಿಲ್ಲದಾಗ ಏಲೆರಾನ್‌ಗೆ ಕಸುವಿಲ್ಲ, ಮೋಟರ್ ದೊಡ್ಡದಾದಷ್ಟೂ ತಿರುಚು ದೊಡ್ಡದು. 2200 ಕೆವಿ ಎಂಬ ಸಂಖ್ಯೆಗೂ ಮರುಳಾಗಬೇಡಿ. ಕೆವಿ ಎಂದರೆ ಹೊರೆಯಿಲ್ಲದಾಗ ಪ್ರತಿ ವೋಲ್ಟ್‌ಗೆ ಎಷ್ಟು ಸುತ್ತು ಎಂಬುದು, ಶಕ್ತಿಯಲ್ಲ. ಕಾಯಿಲ್‌ನಲ್ಲಿ ಸುತ್ತು ಕಡಿಮೆ ಮಾಡಿದರೆ ಕೆವಿ ಏರುತ್ತದೆ, ಅಷ್ಟೇ ಆಂಪಿಯರ್‌ಗೆ ಸಿಗುವ ತಿರುಗುಬಲ ಇಳಿಯುತ್ತದೆ. 2200 ಕೆವಿಗೆ 6 ಇಂಚಿನ ಚಿಕ್ಕ ಪ್ರೊಪೆಲ್ಲರ್ ಹಾಕಬೇಕಾಗುತ್ತದೆ. ಅದು ವೇಗದ ಪುಟ್ಟ ವಿಮಾನಗಳ ಸರಕು.

ಆದ್ದರಿಂದ ನಿಮ್ಮ ಸನ್‌ಬೋರ್ಡ್ ವಾಪಸ್ ಕೊಡಿ, ಇಲ್ಲವೇ ಮನೆಗೆ ಒಂದು ನಾಮಫಲಕ ಮಾಡಿಸಿಕೊಳ್ಳಿ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಮಾಡೆಲ್ ಸಾಮಗ್ರಿ ಮಾರುವ ಅಂಗಡಿಗಳು ಮೈಸೂರು, ಬೆಂಗಳೂರಿನಲ್ಲಿವೆ, ಅಲ್ಲಿ ಫೋಮ್‌ಬೋರ್ಡ್ ಕೇಳಿ. ಒಂದು ಹಾಳೆ ತೂಗಿಸಿಯೇ ಕೊಳ್ಳಿ; ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ರೆಕ್ಕೆಯ ಒಳಮೈಯ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಸುಲಿದರೆ ಇನ್ನಷ್ಟು ಹಗುರವಾಗುತ್ತದೆ, ಮಡಚಲೂ ಸುಲಭ. ಹೊರಮೈಯ ಕಾಗದ ತೆಗೆಯಬೇಡಿ, ಬಿಗಿ ಬರುವುದು ಅದರಿಂದಲೇ. ನಮ್ಮ ಕಡೆಯ ಥಂಡಿಗೆ ಅಂಚುಗಳಿಗೆ ಪ್ಯಾಕಿಂಗ್ ಟೇಪ್ ಸುತ್ತಿ. ಗ್ಲೂ ಗನ್ ಕೈಯಲ್ಲಿದ್ದಾಗ ಜಿಪುಣರಾಗಿ. ಸರ್ವೋದಿಂದ ಎಲಿವೇಟರ್‌ಗೆ (ಮೂತಿ ಏರಿಸಿ ಇಳಿಸುವ ಬಾಲದ ಫಲಕ) ಸೈಕಲ್ ಕಡ್ಡಿ ಧಾರಾಳವಾಗಿ ಸಾಕು.

ಆಗ ಮೋಟರ್ ಪ್ರಶ್ನೆ ತಾನೇ ಮುಗಿಯುತ್ತದೆ: ಸಾಮಾನ್ಯ 2212, 1000 ಕೆವಿ, 3ಎಸ್ (ಮೂರು ಸೆಲ್) ಬ್ಯಾಟರಿ, 9 ಅಥವಾ 10 ಇಂಚಿನ ಪ್ರೊಪೆಲ್ಲರ್, 30 ಆಂಪಿಯರ್ ಇಎಸ್‌ಸಿ. ಮೋಟರ್ ಸ್ಕ್ರೂಗಳ ತುದಿ ಒಳಗೆ ಚಾಚಿದ್ದರೆ ಕತ್ತರಿಸಿ, ಮುಂದೆ ಪ್ಲೈವುಡ್ ತುಂಡೊಂದನ್ನು ಅಡ್ಡ ಕೊಡಿ, ಬ್ಯಾಟರಿಯನ್ನು ವೆಲ್ಕ್ರೋ ಪಟ್ಟಿಯಿಂದ ಬಿಗಿಯಿರಿ.

ಹಾರಿಸಲು ಸಾಲಗಾಮೆ ರಸ್ತೆಯ ಕಡೆ ಹೋಗಬೇಡಿ, ಅಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಬೂವನಹಳ್ಳಿಯ ವಿಮಾನ ನಿಲ್ದಾಣದ ಜಾಗದ ಸುತ್ತಲೂ ಬೇಡ. ನಾಗರಿಕ ವಿಮಾನಯಾನ ಇಲಾಖೆಯ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿದೆಯೇ (ಮುಂಗಡ ಅನುಮತಿ ಬೇಡದ ವಲಯ) ನೋಡಿಕೊಳ್ಳಿ. ಆಷಾಢದ ಗಾಳಿಯಲ್ಲಿ ಮೊದಲ ಹಾರಾಟ ಬೇಡವೇ ಬೇಡ. ಸುಗ್ಗಿ ಮುಗಿದ ಮೇಲೆ, ಬೆಳಗಿನ ಹೊತ್ತು, ಮೆದೆ ಇಲ್ಲದ ಹೊಲ, ಜೊತೆಗೆ ಒಂದು ಬಕೆಟ್ ಮರಳು.

ಹೊಸ ಹಾಳೆ ಸಿಕ್ಕ ಮೇಲೆ ಅದರ ಉದ್ದ, ಅಗಲ, ತೂಕ ಮೂರನ್ನೂ ಇಲ್ಲಿ ಬರೆಯಿರಿ. ವಿಮಾನ ಎಷ್ಟು ತೂಗುತ್ತದೆ ಎಂದು ಕತ್ತರಿಸುವ ಮೊದಲೇ ಲೆಕ್ಕ ಹಾಕಿ ಕೊಡುತ್ತೇನೆ.