ಎಕ್ಸ್‌ರೇ ತಿಂಗಳ ಲೆಕ್ಕ ಹೇಳುವುದಿಲ್ಲ

ನಮಸ್ಕಾರ.

ನಿಮ್ಮ 'ಹದಿನೇಳು ವರ್ಷ ನಾಲ್ಕು ತಿಂಗಳು' ಕತೆಯನ್ನು ಮೊದಲ ಸಲ ಮುಂಬಯಿಯ ಲೋಕಲ್‌ನಲ್ಲಿ ಓದಿದೆ. ಫೋರ್ಟಿನಿಂದ ಹೊರಟು ಮಾಟುಂಗಾದಲ್ಲಿ ಇಳಿಯಬೇಕಾದವನು ಸಾಯನ್ ಮುಟ್ಟಿದೆ. ಮೋರಿಯಲ್ಲಿ ಕಪ್ಪುಬಸಿ ತೊಳೆಯುವ ಹುಡುಗನ ಬೆರಳ ಸಂದಿ ಸೋಡಾಕ್ಕೆ ಬಿರಿಯುವ ಪುಟ ಚೆನ್ನಾಗಿದೆ. ಭಾಷೆ ಹಗುರ. ಹೊಗಳಿಕೆ ಇಲ್ಲಿಗೆ ಸಾಕು ಅಲ್ವಾ?

ಅಂಕಣ ಓದುವ ಬೇರೆಯವರಿಗಾಗಿ ಕತೆ ಇಷ್ಟು: ಮುಂಬಯಿಯ ಒಂದು ಹೋಟೆಲಿನಲ್ಲಿ ಗಲ್ಲೆಯ ಹಣ ಕಾಣೆಯಾಗುತ್ತದೆ. ಕರಾವಳಿಯಿಂದ ಬಂದ ಹುಡುಗ ಸಿಕ್ಕಿಬೀಳುತ್ತಾನೆ. ಹದಿನೆಂಟು ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಪೊಲೀಸರು ಅವನನ್ನು ಎಕ್ಸ್‌ರೇಗೆ ಒಯ್ಯುತ್ತಾರೆ. ನನ್ನ ತಕರಾರು ಇರುವುದು ಅಲ್ಲಿನ ಮೂರು ವಾಕ್ಯಗಳ ಮೇಲೆ.

'ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಮೊಣಕೈಯಲ್ಲಿ ಬಿಳಿ ಗೆರೆಯೊಂದು ಬಿರುಕಿನಂತೆ ಕಂಡಿತು. ಅಸ್ಥೀಕರಣ ಪ್ರಕ್ರಿಯೆ ಇನ್ನೂ ಅಪೂರ್ಣ, ಈತನಿಗೆ ಹದಿನೇಳು ವರ್ಷ ನಾಲ್ಕು ತಿಂಗಳು ಎಂದು ಘೋಷಿಸಿದರು.'

ಅಸ್ಥೀಕರಣ ಅಂದರೆ ಮೂಳೆ ಗಟ್ಟಿಯಾಗುವುದು. ಆದರೆ ಬಿಳಿ ಗೆರೆ? ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವುದು ಮೂಳೆ. ಬೆಳೆಯುವ ಮಕ್ಕಳ ಮೂಳೆಯ ತುದಿಗೂ ನಡುಭಾಗಕ್ಕೂ ಮಧ್ಯೆ ಕಾರ್ಟಿಲೇಜ್ ಇರುತ್ತದೆ, ಕಿವಿಯಲ್ಲಿ ಇರುವಂಥ ಬಾಗುವ ವಸ್ತು. ಅದು ಫಿಲ್ಮಿನಲ್ಲಿ ಮೂಡುವುದಿಲ್ಲ. ಹಾಗಾಗಿ ಅಲ್ಲಿ ಕಾಣುವುದು ಕಪ್ಪು ಗೆರೆ. ಎರಡೂ ಕೂಡಿದ ಮೇಲೆ, ಕೂಡಿದ ಜಾಗದಲ್ಲಿ ಕೆಲವು ಕಾಲ ತೆಳ್ಳನೆಯ ಬಿಳಿ ಗೆರೆ ಉಳಿಯುವುದುಂಟು, ಹೊಲಿಗೆಯ ಗುರುತಿನ ಹಾಗೆ. ಅಂದರೆ ನಿಮ್ಮ ಡಾಕ್ಟರು ಕೂಡಿದ ಮೂಳೆ ನೋಡಿ ಕೂಡಿಲ್ಲ ಅಂದುಬಿಟ್ಟರು!

ಇದಕ್ಕೆ ನಾನು ಇಷ್ಟು ಸಿಡುಕುವುದಕ್ಕೆ ಕಾರಣ ಇದೆ. ಹನ್ನೆರಡೋ ಹದಿಮೂರೋ ವಯಸ್ಸಿನಲ್ಲಿ ನಾನೂ ಫೋರ್ಟಿನ ಒಂದು ಹೋಟೆಲಿನಲ್ಲಿ ಬಾಹೇರ್‌ವಾಲಾ ಆಗಿದ್ದೆ, ಆಫೀಸುಗಳಿಗೆ ಚಾ ಒಯ್ಯುವ ಹುಡುಗ. ಮಳೆಗಾಲದಲ್ಲಿ ಮೆಟ್ಟಿಲು ಜಾರಿ ಬಲ ಮೊಣಕೈ ಊದಿತು. ಡಾಕ್ಟರು ಬಲಗೈಯ ಎಕ್ಸ್‌ರೇ ತೆಗೆಸಿದರು, ಆಮೇಲೆ ಎಡಗೈಯದ್ದನ್ನೂ ತೆಗೆಸಿದರು. ನನಗೆ ಗಾಬರಿ, ಎರಡರ ದುಡ್ಡು ಪಗಾರದಲ್ಲಿ ಮುರಿಯುತ್ತಾರೆ ಅಂತ. ಡಾಕ್ಟರು ಎರಡು ಫಿಲ್ಮನ್ನೂ ಅಕ್ಕಪಕ್ಕ ಹಿಡಿದು ತೋರಿಸಿದರು. ಎರಡರಲ್ಲೂ ಅದೇ ಕಪ್ಪು ಗೆರೆಗಳು, ಅದೇ ಸಣ್ಣ ತುಂಡುಗಳು. 'ಟೂಟಾ ನಹೀ. ಹಡ್ಡಿ ಅಭೀ ಜುಡೀ ನಹೀ ಹೈ, ಬಸ್.' ಮುರಿದಿಲ್ಲ, ಮೂಳೆ ಇನ್ನೂ ಕೂಡಿಲ್ಲ ಅಷ್ಟೆ, ಅಂತ. ಮೊಣಕೈಯೊಂದರಲ್ಲೇ ಅಂಥ ಆರು ತುಂಡುಗಳಿವೆ. ಸುಮಾರು ಒಂದನೇ ವರ್ಷದಿಂದ ಹನ್ನೊಂದು ಹನ್ನೆರಡರವರೆಗೆ ಒಂದೊಂದಾಗಿ ಮೂಡುತ್ತವೆ. ಮುರಿದದ್ದು ಯಾವುದು, ಬೆಳೆಯುತ್ತಿರುವುದು ಯಾವುದು ಎಂದು ತಿಳಿಯಲು ಇನ್ನೊಂದು ಕೈಯನ್ನು ನೋಡುತ್ತಾರೆ. ದುಡ್ಡು ಮುರಿದರು, ಅದು ಬೇರೆ ಮಾತು.

ನೋಡಿ, ಆ ಡಾಕ್ಟರು ಒಂದು ಸಲವೂ 'ಅಸ್ಥೀಕರಣ' ಅನ್ನಲಿಲ್ಲ. ನಿಮ್ಮ ಕತೆಯಲ್ಲಿ ಆ ಪದ ಒಂಬತ್ತು ಸಲ ಬಂದಿದೆ, ಒಮ್ಮೆಯಂತೂ ಹುಡುಗನ ಬಾಯಲ್ಲಿ!

ಇನ್ನು, ಬರೀ ಮೊಣಕೈ ನೋಡಿ ಹದಿನೇಳೋ ಹದಿನೆಂಟೋ ಹೇಳುವುದು ಹೇಗೆ? ಮೊಣಕೈ ಬೇಗ ಕೂಡುತ್ತದೆ, ಹುಡುಗರಲ್ಲಿ ಹದಿನಾರರ ಸುಮಾರಿಗೆ, ಹುಡುಗಿಯರಲ್ಲಿ ಒಂದೆರಡು ವರ್ಷ ಮೊದಲೇ. ಹದಿನೆಂಟರ ಆಸುಪಾಸಿಗೆ ಮಣಿಕಟ್ಟು ನೋಡಬೇಕು, ಭುಜ ನೋಡಬೇಕು. ರಟ್ಟೆಯ ಮೂಳೆಯ ಮೇಲ್ತುದಿ ಮೂರು ತುಂಡಾಗಿ ಹುಟ್ಟಿ, ಆರನೇ ವರ್ಷದ ಹೊತ್ತಿಗೆ ಒಂದೇ ಟೋಪಿಯಾಗಿ, ಹದಿನೆಂಟು ಇಪ್ಪತ್ತರ ಹೊತ್ತಿಗೆ ಕೆಳಗಿನ ಮೂಳೆಗೆ ಅಂಟುತ್ತದೆ. ಎಲ್ಲಕ್ಕಿಂತ ಮಜಾ ಕೊರಳೆಲುಬಿನದು. ತಾಯಿಯ ಹೊಟ್ಟೆಯಲ್ಲಿ ಐದಾರು ವಾರಕ್ಕೇ ಎಲ್ಲ ಮೂಳೆಗಿಂತ ಮೊದಲು ಗಟ್ಟಿಯಾಗಲು ಶುರು. ಆದರೆ ಎದೆಯ ಕಡೆಯ ತುದಿ ಕೂಡುವಾಗ ಇಪ್ಪತ್ತೊಂದು ದಾಟಿರುತ್ತದೆ, ಇಪ್ಪತ್ತೈದಾದರೂ ಆಯಿತು. ನಮ್ಮ ಹೋಟೆಲಿನ ಒಲೆ ನೋಡುವ ಭಟ್ಟಿಯವನೂ ಹಾಗೇ ಇದ್ದ, ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವವನು.

ಇದರಲ್ಲಿ 'ನಾಲ್ಕು ತಿಂಗಳು' ಎಲ್ಲಿಂದ ಬಂತು? ಇಂಥ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದು ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ನಿಮ್ಮ ಹುಡುಗ ಹದಿನಾರೂ ಇರಬಹುದು, ಹತ್ತೊಂಬತ್ತೂ ಇರಬಹುದು. ಕತೆ ಇರುವುದೇ ಅಲ್ಲಿ, ಮಾರಾಯರೇ! ಅದನ್ನು ನೀವು ತಿಂಗಳ ಲೆಕ್ಕ ಹಾಕಿ ಮುಚ್ಚಿಬಿಟ್ಟಿರಿ.

ಇನ್ನೊಂದು. ಟ್ರಂಕಿನಲ್ಲಿ ಶಾಲೆಯ ಸರ್ಟಿಫಿಕೇಟ್ ಇದೆ ಎಂದು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲು ನೋಡುವುದು ಅಂಥ ಕಾಗದವನ್ನು. ಮೂಳೆ ಪರೀಕ್ಷೆ ಕಾಗದ ಇಲ್ಲದಾಗ ಮಾತ್ರ. ಆ ಸರ್ಟಿಫಿಕೇಟನ್ನು ಇಲಿಗೆ ತಿನ್ನಿಸಿಬಿಡಿ. ಅದು ಇದ್ದರೂ ಏನು? ನನ್ನ ಸರ್ಟಿಫಿಕೇಟಿನಲ್ಲಿ ಹುಟ್ಟಿದ್ದು ಜೂನ್ 1. ನನ್ನ ತರಗತಿಯಲ್ಲಿ ಜೂನ್ 1ರವರು ಬಹಳ ಜನ ಇದ್ದರು, ಎಲ್ಲ ಮೇಷ್ಟ್ರ ಕೃಪೆ. ಅಮ್ಮ ಕೊನೆಯವರೆಗೂ ಹೇಳಿದ್ದು 'ಆಟಿಯಲ್ಲಿ, ದೊಡ್ಡ ಮಳೆಯ ದಿನ' ಅಂತ. ಆಟಿ ಅಂದರೆ ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳು.

ರಾತ್ರಿ ಶಾಲೆ ಮುಗಿಸಿ ನಾನೊಂದು ಮಾಸಪತ್ರಿಕೆಯಲ್ಲಿ ಪ್ರೂಫ್ ನೋಡಲು ಸೇರಿದೆ. ಮೊದಲ ಕತೆಯನ್ನು ಹೆದರಿಕೊಂಡೇ ಸಂಪಾದಕರಿಗೆ ಕೊಟ್ಟೆ. ಅದರಲ್ಲಿ ಒಬ್ಬ ಹುಡುಗ ತಂತಿಯ ಸ್ಟ್ಯಾಂಡಿನಲ್ಲಿ ಹನ್ನೆರಡು ಗ್ಲಾಸು ಚಾ ಒಯ್ಯುತ್ತಾನೆ. ಅವರು ಪೆನ್ಸಿಲ್ ಕೆಳಗಿಟ್ಟು ಕೇಳಿದರು, 'ನೀನು ಒಯ್ಯುತ್ತಿದ್ದದ್ದು ಎಷ್ಟು?' ಆರು ಅಂದೆ. 'ಮತ್ತೆ ಇವನಿಗೆ ಯಾಕೆ ಹನ್ನೆರಡು ಹೊರಿಸಿದೆ?' ಉತ್ತರ ಇರಲಿಲ್ಲ. ಕನಿಕರ ಜಾಸ್ತಿ ಬರಲಿ ಅಂತ ಸುಮ್ನೆ ಹೊರಿಸಿದ್ದೆ. ನಿಮ್ಮ ನಾಲ್ಕು ತಿಂಗಳೂ ಅಂಥದ್ದೇ ಅನ್ನಿಸುತ್ತದೆ.

ಕತೆಯ ಹೆಸರು ಬದಲಿಸಿ. ಎಕ್ಸ್‌ರೇ ಕೋಣೆಯ ಎರಡು ಪುಟ ಮತ್ತೆ ಬರೆದು ದೀಪಾವಳಿಯೊಳಗೆ ಕಳಿಸಿ. ಡಾಕ್ಟರು ಹಿಂದಿಯಲ್ಲೋ ಮರಾಠಿಯಲ್ಲೋ ಮಾತಾಡಲಿ. ಮೋರಿಯ ಪುಟ ಮಾತ್ರ ಮುಟ್ಟಬೇಡಿ.