ಸೈಕಲ್ ಪ್ರಶ್ನೋತ್ತರ: ಬರೆಯಿಂದ (ದಿಬ್ಬದ ಕಡಿದಾದ ಅಂಚಿನಿಂದ) ಹಾರಿಸುವಾಗ ಚಕ್ರ ಯಾಕೆ ಮುಗ್ಗರಿಸುತ್ತದೆ?

ಪ್ರಶ್ನೆ: ನಮ್ಮ ಗುಡ್ಡೆಯ ದಾರಿಯಲ್ಲಿ ಮುರಕಲ್ಲಿನ ಒಂದು ಮೆಟ್ಟಿಲಿದೆ, ಒಂದೂವರೆ ಅಡಿ ಎತ್ತರ. ಅಲ್ಲಿಂದ ಎಂಟಿಬಿ (ಗುಡ್ಡದ ದಾರಿಯ ಮೌಂಟನ್ ಬೈಕ್ ಸೈಕಲ್) ಇಳಿಸುವಾಗ ಪ್ರತಿ ಸಲ ಮುಂದಿನ ಚಕ್ರ ಮೊದಲು ಬಿದ್ದು ಹ್ಯಾಂಡಲ್ ಮೇಲೆ ಮುಗ್ಗರಿಸುತ್ತೇನೆ. ನಿಧಾನವಾಗಿಯೇ ಬರುತ್ತೇನೆ, ಹ್ಯಾಂಡಲನ್ನು ಮೇಲಕ್ಕೂ ಎಳೆಯುತ್ತೇನೆ. ತಪ್ಪು ಎಲ್ಲಿ?
— ಕಾಲೇಜು ವಿದ್ಯಾರ್ಥಿ, ಪೆರ್ಲ

ಉತ್ತರ: ನೀವು ಸರಿ ಎಂದುಕೊಂಡ ಆ ಎರಡರಲ್ಲೇ ತಪ್ಪಿದೆ. ಎಂಟಿಬಿಯ ಚಕ್ರಗಳ ನಡುವೆ ಸುಮಾರು 1.2 ಮೀಟರ್ ಅಂತರ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಬಂದರೆ, ಮುಂದಿನ ಚಕ್ರ ಅಂಚು ದಾಟಿದ ಮೇಲೆ ಹಿಂದಿನದ್ದು ಅಲ್ಲಿಗೆ ತಲುಪಲು 0.43 ಸೆಕೆಂಡು ಬೇಕು. ಅಷ್ಟೂ ಹೊತ್ತು ಮುಂದಿನದರ ಕೆಳಗೆ ಬರೀ ಗಾಳಿ, ಹಿಂದಿನದು ಇನ್ನೂ ಕಲ್ಲಿನ ಮೇಲೆ. ಸೈಕಲ್ ಮುಂದಕ್ಕೆ ಬಾಗದೆ ಏನು ಮಾಡೀತು? 18 ಕಿ.ಮೀ. ವೇಗದಲ್ಲಿ ಅದೇ ಹೊತ್ತು 0.24 ಸೆಕೆಂಡಿಗೆ ಇಳಿಯುತ್ತದೆ. ಹೆದರಿ ಅಂಚಿನಲ್ಲಿ ಬ್ರೇಕ್ ಮುಟ್ಟಿದರಂತೂ ಕತೆ ಮುಗಿಯಿತು. ಇಳಿಯುವುದೋ ಬೇಡವೋ ಎಂಬ ತೀರ್ಮಾನ ಹತ್ತು ಮೀಟರ್ ಹಿಂದೆಯೇ ಆಗಬೇಕು. ಬೇಡ ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

ಇನ್ನು ಹ್ಯಾಂಡಲ್ ಎಳೆಯುವುದು. ಎಳೆದಾಗ ಎದೆ ಹ್ಯಾಂಡಲಿನ ಹತ್ತಿರ ಬರುತ್ತದೆ, ಮುಂದಿನ ಚಕ್ರ ಬೇಗ ಎದ್ದು ಬೇಗ ಬೀಳುತ್ತದೆ. ಅದನ್ನು ಎಳೆಯಬಾರದು, ಮುಂದಕ್ಕೆ ತಳ್ಳಬೇಕು.

ಕ್ರಮ ಹೀಗೆ. ಸೀಟನ್ನು ಪೂರ್ತಿ ಇಳಿಸಿ. ಅಂಚಿಗೆ ಐದಾರು ಮೀಟರ್ ಇರುವಾಗ ಪೆಡಲ್ ತುಳಿಯುವುದನ್ನು ನಿಲ್ಲಿಸಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ, ಹಿಮ್ಮಡಿ ಸ್ವಲ್ಪ ಕೆಳಗೆ, ಭಾರವೆಲ್ಲ ಕಾಲಿನ ಮೇಲೆ. ಮೊಣಕೈ, ಮೊಣಕಾಲು ಬಾಗಿರಲಿ. ಬ್ರೇಕಿನ ಮೇಲೆ ಒಂದೊಂದು ಬೆರಳು ಸುಮ್ಮನೆ ಇರಲಿ. ಮುಂದಿನ ಚಕ್ರ ಅಂಚು ದಾಟುವ ಕ್ಷಣಕ್ಕೆ ಸರಿಯಾಗಿ ಸೊಂಟವನ್ನು ತುಸು ಹಿಂದಕ್ಕೆ, ಕೆಳಕ್ಕೆ ಇಳಿಸುತ್ತ ಕೈಗಳನ್ನು ಚಾಚಿ ಹ್ಯಾಂಡಲನ್ನು ಮುಂದಕ್ಕೆ ದೂಡಿ. ಕಣ್ಣು ಅಂಚಿನ ಮೇಲಲ್ಲ, ಚಕ್ರ ಊರುವ ಜಾಗದ ಮೇಲೆ. ಕೆಳಗೆ ಇಳಿಜಾರಿದ್ದರೆ ಎರಡೂ ಚಕ್ರ ಒಟ್ಟಿಗೆ ಊರಲಿ. ಸಮತಟ್ಟಾಗಿದ್ದರೆ ಹಿಂದಿನದು ಕೂದಲೆಳೆಯಷ್ಟು ಮೊದಲು. ಮುಂದಿನ ಬ್ರೇಕ್ ಹಿಡಿಯುವುದು ಎರಡೂ ಚಕ್ರ ಉರುಳತೊಡಗಿದ ಮೇಲೆ. ನಮ್ಮಲ್ಲಿ ಹೆಚ್ಚಿನ ಸೈಕಲುಗಳಲ್ಲಿ ಅದು ಬಲಗೈಯಲ್ಲಿರುತ್ತದೆ, ಗೆಳೆಯನ ಸೈಕಲಿನಲ್ಲಿ ಉಲ್ಟಾ ಇರಬಹುದು, ಒಮ್ಮೆ ನೋಡಿಕೊಳ್ಳಿ.

ಒಂದು ಎಚ್ಚರಿಕೆ: ‘ಹಿಂದಕ್ಕೆ ಹೋಗು’ ಎಂದು ಯಾರೋ ಹೇಳಿದ್ದಕ್ಕೆ ಹಿಂದಿನ ಟಯರಿನ ಮೇಲೆ ಕೂರುವಷ್ಟು ಹೋಗುವವರಿದ್ದಾರೆ. ಆಗ ಕೈ ಪೂರ್ತಿ ನೆಟ್ಟಗಾಗಿ ಪೆಟ್ಟು ತಡೆಯಲು ಏನೂ ಉಳಿಯುವುದಿಲ್ಲ, ಬೆನ್ನ ಮೇಲೆ ಬೀಳುವುದೂ ಉಂಟು.

ಒಂದೂವರೆ ಅಡಿಯಿಂದ 18 ಕಿ.ಮೀ. ವೇಗದಲ್ಲಿ ಹಾರಿದರೆ ಹಿಂದಿನ ಚಕ್ರ ಮೆಟ್ಟಿಲಿನ ಬುಡದಿಂದ ಸುಮಾರು 1.5 ಮೀಟರ್ ಆಚೆ, ಮುಂದಿನದು 2.7 ಮೀಟರ್ ಆಚೆ ಊರುತ್ತದೆ. ಹಾಗಾಗಿ ಮೂರು ಮೀಟರ್ ಗುಡಿಸಿ ಸ್ವಚ್ಛ ಮಾಡಿ, ನಂತರ ನಿಲ್ಲಲು ಹತ್ತು ಮೀಟರ್ ನೆಟ್ಟಗಿನ ಜಾಗ ಇದೆಯೇ ನೋಡಿ. ಮುರಕಲ್ಲಿನ ಸಣ್ಣ ಹರಳು ಬೇಸಿಗೆಯಲ್ಲಿ ಟಯರಿನಡಿ ಉರುಳುತ್ತದೆ. ಅಡಿಕೆ ಹಾಳೆ ಬಿದ್ದಿದ್ದರೆ ತೆಗೆದು ಬದಿಗಿಡಿ. ಮುಳಿಹುಲ್ಲು ಬೆಳೆದ ಕಡೆ ಕೆಳಗೆ ಕಲ್ಲಿದೆಯೋ ಗುಂಡಿಯಿದೆಯೋ ಕಾಲಿಟ್ಟೇ ತಿಳಿಯಬೇಕು. ನಿಮ್ಮ ಕಡೆ ಬರೆಯೊಳಗೆ ನೀರಿಗಾಗಿ ಕೊರೆದ ಹಳೆ ಸುರಂಗಗಳೂ ಇರುತ್ತವೆ. ಅವುಗಳ ಬಾಯಿಯ ಮೇಲಿನ ಮಣ್ಣು ಗಟ್ಟಿ ಎಂದು ನಂಬಿ ಹಾರಬೇಡಿ.

ಸದ್ಯಕ್ಕೆ ಆ ಮೆಟ್ಟಿಲು ಬಿಡಿ. ಅರ್ಧ ಅಡಿಯ ಕಟ್ಟೆಯಿಂದ ಶುರುಮಾಡಿ, ಸಾಲಾಗಿ ಹತ್ತು ಸಲ ಸರಿಯಾಗಿ ಊರಿದ ಮೇಲೆ ಒಂದು ಅಡಿ, ಆಮೇಲೆ ಒಂದೂವರೆ. ಜೊತೆಗೊಬ್ಬರು ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೋ ಮಾಡಿದರೆ ಯಾವ ಚಕ್ರ ಮೊದಲು ಊರಿತು ಎಂಬುದಕ್ಕೆ ವಾದವೇ ಬೇಡ.

ಪ್ರಶ್ನೆ: ಮಗ ಹತ್ತನೇ ತರಗತಿ. ಹನ್ನೆರಡು ಸಾವಿರದ ಗೇರ್ ಸೈಕಲಿನಲ್ಲಿ ಕಟ್ಟೆ ಹಾರಿಸುತ್ತಾನೆ. ಸೈಕಲ್ ತಡೆದೀತೇ?
— ಗೃಹಿಣಿ, ಮುಳ್ಳೇರಿಯ

ಉತ್ತರ: ಅಮ್ಮ, ಮೊದಲು ಸೈಕಲಿನ ಪುಸ್ತಕದಲ್ಲೋ ಫ್ರೇಮಿನ ಸ್ಟಿಕ್ಕರಿನಲ್ಲೋ ಬಳಕೆಯ ವರ್ಗ ಬರೆದಿದೆಯೇ ನೋಡಿ. ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಮಾನದಂಡದಲ್ಲಿ 2ನೇ ವರ್ಗಕ್ಕೆ 15 ಸೆಂ.ಮೀ., 3ನೇ ವರ್ಗಕ್ಕೆ 61 ಸೆಂ.ಮೀ., 4ನೇ ವರ್ಗಕ್ಕೆ 122 ಸೆಂ.ಮೀ.ವರೆಗಿನ ಡ್ರಾಪ್ (ಎತ್ತರದಿಂದ ಹಾರಿಸುವ) ಮಿತಿ. ಏನೂ ಬರೆದಿಲ್ಲವಾದರೆ ಅರ್ಧ ಅಡಿಗೆ ನಿಲ್ಲಿಸಲು ಹೇಳಿ. ದಪ್ಪ ಟಯರು, ಮುಂದೆ ಸ್ಪ್ರಿಂಗ್ ಇದ್ದ ಮಾತ್ರಕ್ಕೆ ಅದು ಹಾರಿಸುವ ಸೈಕಲ್ ಆಗುವುದಿಲ್ಲ.

ಈ ದರದ ಸೈಕಲಿನಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಹಿಂದಿನ ಎಕ್ಸೆಲ್ (ಚಕ್ರದ ನಡುವೆ ಹಾಯುವ ಕಂಬಿ). ಫ್ರೀವೀಲನ್ನು (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಚಕ್ರದ ನಡುವಿನ ಹಬ್‌ಗೆ ತಿರುಪಿ ಕೂರಿಸುವ ಜಾತಿಯಲ್ಲಿ ಬಲಬದಿಯ ಬೇರಿಂಗ್ ಒಳಗಡೆ ಇರುತ್ತದೆ, ಅಲ್ಲಿಂದ ಫ್ರೇಮಿನವರೆಗೆ ಎಕ್ಸೆಲಿಗೆ ಆಧಾರವಿಲ್ಲ. ಪ್ರತಿ ಪೆಟ್ಟಿಗೂ ಅದು ಬಗ್ಗುತ್ತದೆ. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ. ಟಕಟಕ ಅಂದರೆ ಕೋನ್ (ಬೇರಿಂಗನ್ನು ಒತ್ತಿ ಹಿಡಿಯುವ ನಟ್ಟು) ಸಡಿಲ ಅಥವಾ ಎಕ್ಸೆಲ್ ಹೋಗಿದೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲಿನ ಬುಡದಲ್ಲಿ ಆಟ ಸಿಕ್ಕರೂ ಅಂಗಡಿಗೆ ಕಳಿಸಿ. ಹ್ಯಾಂಡಲಿನ ಕೆಳಗೆ ಫ್ರೇಮಿನ ವೆಲ್ಡಿಂಗ್ ಪಕ್ಕ ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಆ ಫ್ರೇಮಿನಲ್ಲಿ ಮತ್ತೆ ಹತ್ತುವುದೇ ಬೇಡ, ಅಲ್ಯೂಮಿನಿಯಂ ಹೇಳದೆ ತುಂಡಾಗುತ್ತದೆ.

ಹೆಲ್ಮೆಟ್, ಮಂಡಿಗೆ ಪ್ಯಾಡ್, ಪೂರ್ತಿ ಮುಚ್ಚುವ ಶೂ ಇಲ್ಲದೆ ಕಟ್ಟೆ ಹಾರಿಸಲು ಬಿಡಬೇಡಿ. ಚಪ್ಪಲಿ ಪೆಡಲಿನಿಂದ ಜಾರಿದರೆ ಪೆಟ್ಟು ಬೀಳುವುದು ಕಣಕಾಲಿಗೆ.

ಪ್ರಶ್ನೆ: ಟ್ರಯಲ್ಸ್ (ಕಾಲೂರದೆ ಅಡೆತಡೆ ದಾಟುವ ಆಟ) ಸೈಕಲಿನವರು ನಿಂತಲ್ಲಿಂದಲೇ ಎತ್ತರದಿಂದ ಇಳಿಯುತ್ತಾರೆ, ವೇಗವೇ ಇಲ್ಲ. ಅದು ಹೇಗೆ?
— ಮಂಜೇಶ್ವರ

ಉತ್ತರ: ಅವರು ಅಂಚಿನಲ್ಲಿ ಹಿಂದಿನ ಬ್ರೇಕ್ ಹಿಡಿದು ಹಿಂದಿನ ಚಕ್ರದ ಮೇಲೆಯೇ ನಿಂತಿರುತ್ತಾರೆ, ಅಂದರೆ ಮುಂದಿನ ಚಕ್ರ ಬೀಳುವ ಪ್ರಶ್ನೆಯೇ ಇಲ್ಲ. ಚೆನ್ನಾಗಿ ಕುಕ್ಕರಿಸಿ, ಬ್ರೇಕ್ ಬಿಟ್ಟು ಅರ್ಧ ಪೆಡಲ್ ಒತ್ತಿ ಮುಂದಕ್ಕೆ ಚಿಮ್ಮುತ್ತಾರೆ, ನೆಲ ಮುಟ್ಟುವ ಮೊದಲು ಹಿಂದಿನ ಬ್ರೇಕ್ ಮತ್ತೆ ಹಿಡಿಯುತ್ತಾರೆ. ಹಿಂದಿನ ಟಯರು ಊರುತ್ತದೆ, ಮೊಣಕಾಲು ಪೆಟ್ಟು ನುಂಗುತ್ತದೆ, ಕೊನೆಗೆ ಮುಂದಿನದು ಕೆಳಗಿಳಿಯುತ್ತದೆ. ಸಮತಟ್ಟಿನಲ್ಲಿ ಹಿಂದಿನ ಚಕ್ರದ ಮೇಲೆ ಹತ್ತು ಸಲ ಕುಪ್ಪಳಿಸಲು ಬಾರದವರು ಅಂಚಿಗೆ ಹೋಗುವುದು ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಅಭ್ಯಾಸ ಮಾಡಬಹುದೇ? ಟಯರಿನಲ್ಲಿ ಗಾಳಿ ಎಷ್ಟಿರಬೇಕು?
— ಬದಿಯಡ್ಕ

ಉತ್ತರ: ಪಾಚಿ ಹಿಡಿದ ಮುರಕಲ್ಲಿನ ಮೇಲೆ ಬೇಡ. ಕಲ್ಲಿನ ಹಳೆ ಕೋರೆಗಳಲ್ಲಿ ನೀರು ನಿಂತಾಗ ಆಳವೂ ತಿಳಿಯದು, ಗೋಡೆಯೂ ನೆಟ್ಟಗೆ ಕಡಿದದ್ದು; ಆ ಕಡೆ ಯಾವ ಕಾಲದಲ್ಲೂ ಹಾರಿಸಬೇಡಿ. ಟ್ಯೂಬ್ ಇರುವ 2.25 ಇಂಚಿನ ಟಯರಿಗೆ 65 ಕೆ.ಜಿ. ತೂಕದವರು ಮುಂದೆ 28, ಹಿಂದೆ 32 ಪಿಎಸ್‌ಐಯಿಂದ (ಗಾಳಿಯ ಒತ್ತಡದ ಅಳತೆ) ಶುರುಮಾಡಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬಿದ್ದರೆ ರಿಮ್ಮು ಕಲ್ಲಿಗೆ ತಾಗಿದೆ ಎಂದರ್ಥ, ಎರಡು ಪಿಎಸ್‌ಐ ಹೆಚ್ಚಿಸಿ.